ಶನಿವಾರದ ಸೊಲಾಂಜ್

ಆರ್ಮೆಲ್ ಒಂಬತ್ತು ಕಾದಂಬರಿ ಬರೆದಿದ್ದಳು. ಮಾರಾಟವಾಗದ ಪ್ರತಿಗಳನ್ನು ಪ್ಯಾರಿಸ್ಸಿನ ಪ್ರಕಾಶಕರು ರದ್ದಿಗೆ ಹಾಕಿದರು. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಈ ಬಂದರೂರಿನಲ್ಲಂತೂ ಅವನ್ನು ಯಾರೂ ಓದಿರಲಿಲ್ಲ; ಹಿತ್ತಲ ಗಿಡ ಮದ್ದಲ್ಲ. ಊರು ಅವಳನ್ನು ಗುರುತಿಸುತ್ತಿದ್ದುದು ಪತ್ರಿಕೆಯ ಶನಿವಾರದ ಪುರವಣಿಗೆ ಬರೆಯುತ್ತಿದ್ದ ಅಂಕಣದಿಂದ. ಹತ್ತೊಂಬತ್ತು ವರ್ಷದಿಂದ ಅದರಲ್ಲಿ ಪಕ್ಕದ ಮನೆಯ ಸೊಲಾಂಜ್ ಮೀನಂಗಡಿಯವನನ್ನು, ಮೇಯರನ್ನು, ಪಾದ್ರಿಯನ್ನು ಜಾಡಿಸುತ್ತಿದ್ದಳು. ಅರ್ಧ ನಿಜ, ಅರ್ಧ ಆರ್ಮೆಲ್ ಕಟ್ಟಿದ್ದು. ಸತ್ಯ ಹೇಳಬೇಕೆಂದರೆ ಸೊಲಾಂಜಳ ಬಾಯಿಯೇ ಆರ್ಮೆಲ್‌ಳ ಅನ್ನ. ಬರೆದು ಬರೆದು ಅವಳಿಗೆ ಸಾಕುಸಾಕಾಗಿತ್ತು.

ಸೊಲಾಂಜ್ ಮಂಗಳವಾರ ತೀರಿಕೊಂಡಳು. ಪುರವಣಿ ಅಚ್ಚಾಗುವುದು ಸೋಮವಾರವೇ. ಹೀಗಾಗಿ ಶನಿವಾರ ಬೆಳಿಗ್ಗೆ, ಶವಪೆಟ್ಟಿಗೆ ಇಗರ್ಜಿಗೆ ಹೊರಡುವ ಹೊತ್ತಿಗೆ, ಪತ್ರಿಕೆಯಲ್ಲಿ ಸೊಲಾಂಜ್ ಏಡಿಯ ಬೆಲೆಗಾಗಿ ಜಗಳವಾಡುತ್ತಾ ಗಟ್ಟಿಮುಟ್ಟಾಗಿ ನಿಂತಿದ್ದಳು.

ಮಣ್ಣು ಮಾಡಿ ಬಂದವರೆಲ್ಲ ಇಗರ್ಜಿಯೆದುರಿನ ಕೆಫೆಯಲ್ಲಿ ಕಾಫಿಗೆ ಸೇರಿದರು. ಒಡತಿ ಮಾರ್ತ್ ಆರ್ಮೆಲ್‌ಳ ಮುಂದೆ ಕಪ್ಪನ್ನು ಕುಕ್ಕಿದಳು.

“ಏನಮ್ಮಾ, ಪೆಟ್ಟಿಗೇಲಿ ಮಲಗಿರೋಳ ಕೈಲೂ ಏಡಿ ಕೊಳ್ಳಿಸಿಬಿಟ್ಯಲ್ಲ! ಸತ್ಮೇಲೂ ಬಿಡಲ್ವ ಅವಳನ್ನ?”

ಆರ್ಮೆಲ್‌ಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಎದ್ದು ಹೋಗಿ ಸೊಲಾಂಜಳ ಗಂಡ ಎರ್ವೆಯ ಎದುರು ಕೂತಳು. ಅವನು ಕ್ಷಮಿಸದಿದ್ದರೆ ಅದೇ ಬೀದಿಯಲ್ಲಿ ಮುಖ ಎತ್ತಿ ಓಡಾಡುವುದು ಹೇಗೆ? ಅವನ ಕೋಟಿನ ಜೇಬಿನಲ್ಲಿ ಪುರವಣಿ ಇಣುಕುತ್ತಿತ್ತು.

“ತಪ್ಪಾಯ್ತು ಎರ್ವೆ. ಅದು ಮೊದಲೇ ಅಚ್ಚಾಗಿಬಿಟ್ಟಿತ್ತು. ಇನ್ಮೇಲೆ ಬರೆಯಲ್ಲ. ಅಂಕಣಾನೇ ನಿಲ್ಲಿಸ್ತೀನಿ, ನಂಗೂ ಸುಸ್ತಾಗಿದೆ.”

“ಬೆಳಿಗ್ಗೆ ಎರಡು ಸಲ ಓದ್ದೆ,” ಎಂದ ಎರ್ವೆ. “ಕೊನೆಗೂ ಬೆಲೆ ಕಮ್ಮಿ ಮಾಡಿಸಿದ್ಲಲ್ಲ.”

“ಅದು ನಾನು ಕಟ್ಟಿದ್ದು.”

“ಗೊತ್ತು. ಅವಳಿಗೆ ಏಡಿ ಆಗ್ತಾನೇ ಇರ್ಲಿಲ್ಲ, ತಿಂದ್ರೆ ಮೈಯೆಲ್ಲ ಕೆರೆತ.” ಸಕ್ಕರೆ ಹಾಕದ ಕಾಫಿಯನ್ನು ಅವನು ಸುಮ್ಮನೆ ಕಲಕುತ್ತಿದ್ದ. “ಊರಿಗೆಲ್ಲ ಅವಳ ಕೈಲಿ ಬೈಸಿದ್ರಿ. ನನ್ನ ಬಗ್ಗೆ ಒಂದ್ಸಲಾನೂ ಬರೀಲಿಲ್ಲ ನೀವು. ಮುಂದಿನ ಶನಿವಾರ ಅವಳು ನನಗೆ ಬೈಲಿ.”

ಇನ್ನೂ ಒಂದು ಶನಿವಾರ. ಆದರೂ ಆರ್ಮೆಲ್ ಕೇಳಿದಳು.

“ಯಾವುದಕ್ಕೆ ಬೈಬೇಕು?”

“ಕೆಸರು ಬೂಟು ಹಾಕ್ಕೊಂಡು ಅಡುಗೆಮನೆಗೆ ಬಂದಿದ್ದಕ್ಕೆ,” ಎಂದ ಎರ್ವೆ. “ಮಂಗಳವಾರದಿಂದ ಹಾಗೇ ಬರ್ತಿದ್ದೀನಿ. ಯಾರೂ ಏನೂ ಅನ್ನಲ್ಲ.”