ಹಲ್ಲಕ್ಕನ ಹಲ್ಲು

ಹಲ್ಲಕ್ಕನ ತಮ್ಮ ತಿರುಗುವ ಬ್ರಷ್ಷಿಗೆ ಹಲ್ಲುಸೆಟ್ಟನ್ನು ಒತ್ತಿ ಹಿಡಿದು ಹೊಳಪು ಕೊಡುತ್ತಿದ್ದ. ಮೇಜಿನ ಮೇಲೆ ಫೋನು ಮತ್ತೆ ಹೊಡೆದುಕೊಂಡಿತು. ಬಿಳಿ ಪುಡಿ ಮೆತ್ತಿದ ಬೆರಳಿನಿಂದಲೇ ಅದನ್ನು ಒತ್ತಿದ.

"ಮಾವಾ, ಎಲ್ಲಿದೀರಾ? ಜನ ಬರ್ತಾನೇ ಇದಾರೆ. ಮೂರು ಗಂಟೆಗೆ ವ್ಯಾನ್ ಬರತ್ತೆ," ಎಂದಳು ಅಕ್ಕನ ಮಗಳು.

"ಬಂದೆ, ಬಂದೆ. ಕ್ಲಿನಿಕ್ಕಲ್ಲಿ ಒಂದು ಸಣ್ಣ ಕೆಲಸ ಇತ್ತು."

"ಇವತ್ತೂನಾ?"

ಅಷ್ಟು ಹೇಳಿ ಅವಳು ಫೋನಿಟ್ಟಳು. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು ಇವನಿಗೆ.

ಅರವತ್ತು ದಾಟಿದ, ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಕ್ಲಿನಿಕ್ ಇಟ್ಟುಕೊಂಡ ಹಲ್ಲಿನ ಡಾಕ್ಟರು ಇವನು. ಆದರೂ ಅಕ್ಕನ ಬಾಯಲ್ಲಿ ಕೊನೆಯವರೆಗೂ ಬರೀ 'ತಮ್ಮ'. ಅಕ್ಕನೂ ಹಲ್ಲಿನ ಡಾಕ್ಟರೇ, ಇವನಿಗೆ ಇಕ್ಕಳ ಹಿಡಿಯುವುದನ್ನು ಹೇಳಿಕೊಟ್ಟವಳೂ ಅವಳೇ. ಆದರೆ ಅವಳಿಗೆ ಗಾಜಿನ ಬಾಗಿಲು ಹಿಡಿಸಲಿಲ್ಲ. ಒಂದು ಮುದಿ ವ್ಯಾನು, ಒಂದು ಮಡಚುವ ಕುರ್ಚಿ, ಎರಡು ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಕಲ್ಲುಗಣಿಗೆ, ಸೇತುವೆ ಕಟ್ಟುವವರ ಶೆಡ್ಡುಗಳಿಗೆ, ವಿಮಾನದಲ್ಲಿ ಪೆಟ್ಟಿಗೆ ಹೊತ್ತು ಕಡಲಾಚೆ ನೆಲ ನಡುಗಿದ ದೇಶಗಳ ಡೇರೆಗಳಿಗೂ ಹೋಗುತ್ತಿದ್ದಳು. ನೋಯುವ ಹಲ್ಲು ಕಿತ್ತು, ಹುಳುಕು ತುಂಬಿ, ಇಲ್ಲದವರಿಗೆ ಹಲ್ಲು ಕಟ್ಟಿಕೊಟ್ಟು ಬರುತ್ತಿದ್ದಳು. ಯಾರ ಹತ್ತಿರವೂ ಬಿಡಿಗಾಸು ಮುಟ್ಟಲಿಲ್ಲ. ಜನ ಅವಳ ನಿಜವಾದ ಹೆಸರು ಮರೆತು 'ಹಲ್ಲಕ್ಕ' ಅಂದರು.

ಅಂಥ ಹಲ್ಲಕ್ಕ ಇವತ್ತು ಬೆಳಿಗ್ಗೆ ಬೊಚ್ಚುಬಾಯಲ್ಲಿ ಸತ್ತಿದ್ದಳು.

ಸುದ್ದಿ ಕೇಳಿ ಓಡಿ ಹೋದ ತಮ್ಮ ಅಕ್ಕನ ಮುಖ ನೋಡಿದ. ಕೆನ್ನೆ ಗುಳಿಬಿದ್ದು, ತುಟಿ ಒಳಗೆ ಮಡಚಿಕೊಂಡು, ಯಾರೋ ಬೇರೆ ಮುದುಕಿಯ ಮುಖವಾಗಿತ್ತು ಅದು. ನಿಂತ ಕಾಲಲ್ಲೇ ಹೊರಟು ಕ್ಲಿನಿಕ್ಕಿಗೆ ಬಂದ. ದುಃಖ ತಡೆಯಲಾರದೆ ಹೋದರು ಪಾಪ ಎಂದು ಬಾಗಿಲಲ್ಲಿದ್ದವರು ಅಂದುಕೊಂಡರು. ಹಿಂದಿನ ಕೋಣೆಯ ಕಪಾಟಿನಲ್ಲಿ ಅಕ್ಕನಿಗೆಂದು ಶುರುಮಾಡಿದ್ದ ಸೆಟ್ಟು ಇನ್ನೂ ಮೇಣದ ಮಾದರಿಯಲ್ಲೇ ಇತ್ತು, ಧೂಳು ಹಿಡಿದು. ಎಷ್ಟೋ ವರ್ಷಗಳಿಂದ ಇಂಥ ಕೆಲಸವನ್ನೆಲ್ಲ ಲ್ಯಾಬಿಗೆ ಕಳಿಸುತ್ತಿದ್ದವನು ಇವತ್ತು ತಾನೇ ಅಚ್ಚು ಕಟ್ಟಿ, ಮೇಣ ಕರಗಿಸಿ, ಆ ಜಾಗಕ್ಕೆ ವಸಡಿನ ಬಣ್ಣದ ಪ್ಲಾಸ್ಟಿಕ್ ತುಂಬಿ, ಬಿಸಿನೀರಲ್ಲಿ ಬೇಯಿಸಿ, ಉಜ್ಜಿ ಮುಗಿಸಿದ. ಅಕ್ಕನನ್ನು ತಿಂಗಳುಗಟ್ಟಲೆ ಕಾಯಿಸಿದ್ದು ಈ ಅರ್ಧ ದಿನದ ಕೆಲಸಕ್ಕೆ. ಅದು ಅರ್ಧ ದಿನದ ಕೆಲಸ ಎಂಬುದೇ ಅವನನ್ನು ಕುಕ್ಕುತ್ತಿತ್ತು.

*

ಕಾಯಿಲೆ ಬಿದ್ದು ಎದ್ದ ಮೇಲೆ ಅಕ್ಕನ ವಸಡು ಸವೆದು, ಹಳೆಯ ಸೆಟ್ಟು ಮಾತಾಡಿದರೆ ಜಾರುತ್ತಿತ್ತು; ಅದನ್ನು ಹಾಕುವುದನ್ನೇ ಬಿಟ್ಟಿದ್ದಳು. ಹೊಸ ಸೆಟ್ಟಿನ ಮೇಣದ ಅಳತೆ ನೋಡಲು ಬಂದ ದಿನ ಅವಳು ದುಡ್ಡು ಕೊಡುವ ರೋಗಿಗಳ ನಡುವೆ ಸರದಿಯಲ್ಲಿ ಕೂತಿದ್ದಳು. ಎದುರು ಗೋಡೆಯಲ್ಲಿ ತಮ್ಮನ ದೊಡ್ಡ ಫೋಟೋ ಇತ್ತು. ಪರದೇಶದ ಡೇರೆಯೊಂದರಲ್ಲಿ, ಮಗುವೊಂದರ ಬಾಯಿಗೆ ಬಾಗಿ, ನಗುತ್ತಾ. ಅಲ್ಲಿಗೆ ಅವನು ಅಕ್ಕನ ಜೊತೆ ಹೋಗಿದ್ದು ನಿಜ. ಹೊಟ್ಟೆ ಕೆಟ್ಟು, ಮೂರನೇ ದಿನವೇ ವಿಮಾನ ಹತ್ತಿ ಬಂದಿದ್ದೂ ನಿಜ. ಫೋಟೋ ಮಾತ್ರ ಬಂದವರಿಗೆಲ್ಲ ಹಲ್ಲು ಕಿರಿಯುತ್ತಾ ಅಲ್ಲೇ ಉಳಿಯಿತು. 'ಸೇವೆ ಮಾಡೋ ಡಾಕ್ಟ್ರು' ಎಂದು ಜನ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು.

"ಚೆನ್ನಾಗಿ ಬಂದಿದೀಯ ಕಣೋ ಫೋಟೋದಲ್ಲಿ," ಎಂದು ಕುರ್ಚಿಯಲ್ಲಿ ಕೂತ ಅಕ್ಕ ಹೇಳಿದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಿರುಗಿಸಿ ಏನಾದರೂ ಹೇಳಬಹುದಿತ್ತು.

ಮೇಣದ ಸೆಟ್ಟು ಬಾಯಿಗಿಟ್ಟುಕೊಂಡು ಕನ್ನಡಿ ನೋಡಿದಳು. "ಎಲ್ಲಾ ಸರಿ. ಮುಂದಿನದು ಒಂದನ್ನ ಸ್ವಲ್ಪ ವಾಲಿಸಿಬಿಡು."

"ಯಾಕಕ್ಕಾ? ಮುತ್ತು ಪೋಣಿಸಿದ ಹಾಗಿದೆಯಲ್ಲ."

"ಅದೇ ಕಷ್ಟ. ದೇವರು ಸ್ಕೇಲಿಟ್ಟು ಹಲ್ಲು ಕೊಡ್ತಾನೇನೋ? ನಾನು ಕಟ್ಟಿದ ಸೆಟ್ಟಲ್ಲೆಲ್ಲ ಒಂದು ಹಲ್ಲು ಸೊಟ್ಟಗೇ ಇಡ್ತೀನಿ. ಆಗ ಅವರ ಮುಖ ಅವರದೇ ಆಗಿರತ್ತೆ. ನಂದೂ ಮೊದಲಿಂದ ಹಾಗೇ ಇತ್ತು, ಮರೆತ್ಯಾ?"

"ಆಯ್ತು. ಬರೋ ವಾರ ರೆಡಿ."

ಬರುವ ವಾರ ಬಂತು, ಹೋಯಿತು. ಪ್ರತಿ ಸಲವೂ ಯಾರೋ ದೊಡ್ಡವರ ಕೆಲಸ ಮುಂದೆ ನುಗ್ಗುತ್ತಿತ್ತು. ಅಕ್ಕ ತಾನೇ, ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡ. ಅವಳು ಫೋನು ಮಾಡಿದಳು. "ಗಣಿಯವರ ಶಿಬಿರ ಬಂತು ಕಣೋ. ಬೊಚ್ಚುಬಾಯಿ ಇಟ್ಕೊಂಡು ಹಲ್ಲು ಕಟ್ಟಕ್ಕೆ ಹೋದ್ರೆ ಜನ ನಗಲ್ವಾ? ಅಷ್ಟರೊಳಗೆ ಆಗತ್ತಾ?"

"ಆಗತ್ತೆ," ಅಂದಿದ್ದ. ಆಗಲಿಲ್ಲ. ಅಕ್ಕ ಶಿಬಿರವನ್ನೇ ರದ್ದು ಮಾಡಿದಳು. ಆಮೇಲೆ ಕೇಳುವುದನ್ನೂ ಬಿಟ್ಟಳು.

*

ಸೆಟ್ಟಿನ ಡಬ್ಬಿ ಜೇಬಿಗೆ ಹಾಕಿಕೊಂಡು ತಮ್ಮ ಬಂದಾಗ ಹಜಾರ ತುಂಬಿತ್ತು. "ಎರಡು ನಿಮಿಷ ಎಲ್ಲರೂ ಹೊರಗಿರಿ," ಎಂದ. ಡಾಕ್ಟರ ಮಾತು, ಜನ ಕೇಳಿದರು. ಅಕ್ಕನ ಮಗಳು ಮಾತ್ರ ಕದಲಲಿಲ್ಲ.

ಅವನು ಡಬ್ಬಿ ತೆರೆದ. ಅವಳು ನೋಡಿದಳು.

ಅಕ್ಕನ ಗಲ್ಲದ ಮೇಲೆ ಹೆಬ್ಬೆರಳಿಟ್ಟು ಮೆಲ್ಲನೆ ಒತ್ತಿದ. ದವಡೆ ಕಲ್ಲಿನಂತೆ ಬಿಗಿದಿತ್ತು. ಸತ್ತ ಕೆಲವೇ ಗಂಟೆಗಳಲ್ಲಿ ಬಾಯಿ ಬಿಗಿಯುತ್ತದೆ ಎಂದು ಇವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಬೆಳಗಿನಿಂದ ಗೊತ್ತಿಲ್ಲದವನಂತೆ ಓಡಾಡಿದ್ದ. ಇನ್ನೊಮ್ಮೆ ಒತ್ತಿದ.

"ಬಿಡಿ ಮಾವ. ಅಮ್ಮಂಗೆ ನೋಯತ್ತೆ," ಎಂದಳು ಅವಳು, ಜೀವ ಇರುವವರ ಬಗ್ಗೆ ಹೇಳಿದ ಹಾಗೆ.

ಅವನು ಕೈ ತೆಗೆದ.

"ಕೊನೆಕೊನೆಗೆ ಅಮ್ಮ ಹೇಗೆ ಮಾತಾಡ್ತಿದ್ಲು ಗೊತ್ತಾ?" ಅವಳು ಅಂಗೈಯಿಂದ ತನ್ನ ಬಾಯಿ ಮುಚ್ಚಿ ತೋರಿಸಿದಳು. "ಹೀಗೆ. ನನ್ನ ಹತ್ರಾನೂ ಹೀಗೇ. ನಗು ಬಂದ್ರಂತೂ ಎರಡೂ ಕೈ."

ತಮ್ಮ ತಲೆ ತಗ್ಗಿಸಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಬ್ಬಿ ಮತ್ತೆ ಜೇಬಿಗೆ ಹೋಯಿತು.

ಅಷ್ಟರಲ್ಲಿ ಹೊರಗೆ ಅಕ್ಕನ ಮುದಿ ವ್ಯಾನು ಕೆಮ್ಮುತ್ತಾ ಬಂದು ನಿಂತಿತು. ಡ್ರೈವರು ಗಣಿಯ ಕಡೆಯ ಜನರನ್ನು ತುಂಬಿಕೊಂಡು ಬಂದಿದ್ದ. ಎಲ್ಲರಿಗಿಂತ ಮೊದಲು ಒಳಗೆ ಬಂದವಳು ಕಲ್ಲು ಒಡೆದು ಒಡೆದು ಬೆರಳು ಸೊಟ್ಟಗಾದ ಒಬ್ಬ ಅಜ್ಜಿ. ಮುಖದ ಹತ್ತಿರ ಬಗ್ಗಿ ನೋಡಿ, ಹಿಂದೆ ಸರಿದಳು.

"ಅಯ್ಯೋ, ಇದು ನಮ್ಮ ಹಲ್ಲಕ್ಕ ಅಲ್ಲ ಕಣ್ರೋ! ಅವಳ ಹಲ್ಲೆಲ್ಲಿ?"

ಅಜ್ಜಿ ಸೆರಗಿನ ಮರೆಯಲ್ಲಿ ಬಾಯಿಗೆ ಕೈ ಹಾಕಿ, ತನ್ನ ಸೆಟ್ಟನ್ನೇ ಕಿತ್ತು ತೆಗೆದು, ಸೆರಗಿಗೆ ಒರೆಸಿ, ಅಂಗೈಯಲ್ಲಿಟ್ಟುಕೊಂಡು ಮುಂದೆ ಬಂದಳು. ಮಾತು ಹಲ್ಲಿಲ್ಲದೆ ತೊದಲಿತು. "ಇದು ಅವಳೇ ಕೊಟ್ಟಿದ್ದು. ಅವಳಿಗೇ ಹಾಕಿ ಕಳ್ಸಿ."

"ಅಜ್ಜೀ, ನಿಮಗೆ ಊಟಕ್ಕೆ ಬೇಕಲ್ಲ..." ಎಂದ ತಮ್ಮ.

"ನಾನಿನ್ನು ಎಷ್ಟು ದಿನ ಉಣ್ತೀನಪ್ಪ? ಹಲ್ಲಿದ್ದಾಗ ಕಡಲೆ ಇರ್ಲಿಲ್ಲ, ಕಡಲೆ ಬಂದಾಗ ಹಲ್ಲಿರ್ಲಿಲ್ಲ. ಎರಡನ್ನೂ ಒಟ್ಟಿಗೆ ತೋರಿಸಿದೋಳು ಇವಳು." ಅಜ್ಜಿ ಕಣ್ಣೊರೆಸಿಕೊಂಡು ಅವನನ್ನೇ ಕೇಳಿದಳು. "ಅಲ್ಲಾ, ಇವಳಿಗೊಬ್ಬ ತಮ್ಮ ಇದಾನಂತಲ್ಲ? ಅವನೂ ಹಲ್ಲಿನ ಡಾಕ್ಟ್ರೇ ಅಂತೆ, ದೊಡ್ಡ ಅಂಗಡಿ ಅಂತೆ. ಒಡಹುಟ್ಟಿದೋಳಿಗೆ ಒಂದು ಸೆಟ್ಟು ಕಟ್ಟಿಕೊಡಕ್ಕೆ ಕೈ ಬರ್ಲಿಲ್ವಾ ಅವನಿಗೆ?"

ಹಜಾರದಲ್ಲಿ ಅರ್ಧ ಜನಕ್ಕೆ ಇವನು ಯಾರೆಂದು ಗೊತ್ತಿತ್ತು. ಅವರೆಲ್ಲ ಗೋಡೆ ನೋಡಿದರು. ಅಕ್ಕನ ಮಗಳು ಇವನನ್ನು ನೋಡಿದಳು. ಬಾಯಿ ಬಿಟ್ಟರೆ ಬಣ್ಣಗೇಡು. ಬಿಡದಿದ್ದರೆ ಈ ಅಜ್ಜಿ ಬೊಚ್ಚುಬಾಯಲ್ಲಿ ಮನೆಗೆ ಹೋಗುತ್ತಾಳೆ.

"ನಾನೇ ಅಜ್ಜೀ ಆ ತಮ್ಮ," ಎಂದ. ಡಬ್ಬಿ ತೆಗೆದ. "ಕಟ್ಟಿದೀನಿ. ಇವತ್ತು. ಬಾಯಿ ತೆರೀತಿಲ್ಲ. ಪಕ್ಕದಲ್ಲೇ ಇಟ್ಟು ಕಳಿಸ್ತೀನಿ. ನಿಮ್ಮದು ನೀವು ಹಾಕ್ಕೊಳ್ಳಿ."

ಅಜ್ಜಿ ಬಯ್ಯಲಿಲ್ಲ. ಹೊಸ ಸೆಟ್ಟನ್ನು ಸೊಟ್ಟ ಬೆರಳುಗಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿದಳು. "ಲಕ್ಷಣವಾಗಿದೆ. ಆದ್ರೆ ಅಪ್ಪಾ, ಇದು ಅವಳದಲ್ಲವಲ್ಲ. ನಕ್ರೆ ಅವಳ ಮುಂದಿನ ಹಲ್ಲು ಒಂದು ಹೀಗೆ ವಾಲ್ಕೊಂಡಿರ್ತಿತ್ತು."

ತಮ್ಮ ನೋಡಿದ. ಆರೂ ಮುಂದಿನ ಹಲ್ಲುಗಳು ಸ್ಕೇಲಿಟ್ಟ ಹಾಗೆ ನೆಟ್ಟಗೆ ನಿಂತಿದ್ದವು. ಅಕ್ಕ ಕೇಳಿದ್ದು ಅದೊಂದನ್ನೇ. ಅವಸರದಲ್ಲಿ ಅದೂ ಮರೆತುಹೋಗಿತ್ತು.

ಅವನ ಮುಖ ನೋಡಲಾರದೆಯೋ ಏನೋ, ಡ್ರೈವರು ಗಂಟಲು ಸರಿಮಾಡಿಕೊಂಡ. "ಒಂದ್ಸಲ ಏನಾಯ್ತು ಗೊತ್ತಾ? ಗಣೀಲಿ ಒಬ್ಬ ಆನೆಯಂಥ ಆಳು. ಸೂಜಿ ನೋಡಿದ್ದೇ ತಡ, ಕುರ್ಚಿಯಿಂದ ಜಿಗಿದು ಓಟ! ಹಲ್ಲಕ್ಕ ಇಕ್ಕಳ ಹಿಡ್ಕೊಂಡು ಹಿಂದೇನೇ ಓಡಿದ್ರು. 'ಹಲ್ಲು ನೀನೇ ಇಟ್ಕೊಳಪ್ಪಾ, ನಿನ್ನ ಕುತ್ತಿಗೆಗೆ ಕಟ್ಟಿರೋ ನನ್ನ ಟವೆಲ್ ಕೊಟ್ಟು ಹೋಗು!' ಅಂತ."

ಬಾಗಿಲ ಹತ್ತಿರ ಆನೆಯಂಥ ಒಬ್ಬ ಮುದುಕ ನಾಚಿ ತಲೆ ಕೆರೆದುಕೊಂಡ. ಮೊದಲು ಅಜ್ಜಿ ನಕ್ಕಳು, ತನ್ನ ಸೆಟ್ಟನ್ನು ಮತ್ತೆ ಬಾಯಿಗಿಟ್ಟುಕೊಂಡು. ಆಮೇಲೆ ಅವಳ ಹಿಂದಿದ್ದವರು, ಕಣ್ಣಲ್ಲಿ ನೀರಿಟ್ಟುಕೊಂಡೇ, ಬಾಯಿ ತುಂಬ ನಕ್ಕರು. ಒಬ್ಬರದು ಎಡಕ್ಕೆ, ಒಬ್ಬರದು ಬಲಕ್ಕೆ, ಇನ್ನೊಬ್ಬರದು ತುಸು ಮುಂದಕ್ಕೆ, ಪ್ರತಿ ಬಾಯಲ್ಲೂ ಒಂದು ಹಲ್ಲು ವಾಲಿತ್ತು.

ತಮ್ಮನಿಗೂ ನಗು ಉಕ್ಕಿತು. ಅದು ಹೊರಗೆ ಬರುವ ಮೊದಲೇ ಅವನ ಅಂಗೈ ಮೇಲೇರಿ ಬಾಯಿ ಮುಚ್ಚಿತು. ಅವನ ಹಲ್ಲೆಲ್ಲ ಗಟ್ಟಿಯಾಗಿಯೇ ಇದ್ದವು. ಆದರೂ ಅಕ್ಕನನ್ನು ಒಯ್ಯುವ ಮೂರು ಗಂಟೆಯ ವ್ಯಾನು ಬಾಗಿಲಿಗೆ ಬರುವವರೆಗೆ ಆ ಕೈ ಕೆಳಗಿಳಿಯಲಿಲ್ಲ.