ನಾತವಿಲ್ಲದ ಕೋಳಿ ಫಾರಂ

ಕೋಳಿ ಇದ್ದ ಕಡೆ ನಾತ ಇರಲೇಬೇಕು. ನನ್ನ ಆಲಿವ್ ತೋಟದಾಚೆ, ಕಲ್ಲುಗುಡ್ಡದ ಬುಡದಲ್ಲಿ, ಉದ್ದನೆಯ ಹೊಸ ಶೆಡ್ಡೊಂದು ಎದ್ದಿತ್ತು. ಬಾಗಿಲ ಮೇಲೆ 'ಬರಕತ್ ಕೋಳಿ ಫಾರಂ' ಎಂಬ ಬೋರ್ಡು, ಮಾಡಿನ ತುಂಬ ನೀಲಿ ಸೋಲಾರ್ ಹಲಗೆಗಳು. ಎಲ್ಲ ಸರಿಯೇ. ಆದರೆ ಗಾಳಿ ಆ ಕಡೆಯಿಂದ ಬೀಸಿದರೂ ನನ್ನ ಮೂಗಿಗೆ ಕಾಡುಸೊಪ್ಪಿನ ಘಮ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಒಂದು ಹುಂಜ ಕೂಗಿದ್ದನ್ನೂ ಕೇಳಲಿಲ್ಲ.

ನಾನು ಕೋಳಿ ಸಾಕಿಯೇ ಬದುಕಿದವಳು. ಸಿರಿಯಾದ ಇದ್ಲಿಬ್ ಸೀಮೆಯ ನಮ್ಮ ಹಳ್ಳಿ ಕಫ್ರ್ ಸುಮ್ಮಾಖ್‌ನಲ್ಲಿ ನನ್ನನ್ನು ಉಮ್ ರುದೈನಾ, ಅಂದರೆ ರುದೈನಾಳ ತಾಯಿ, ಎನ್ನುತ್ತಿದ್ದರು. ನನ್ನ ಮೊಟ್ಟೆಗೆ ಹೆಸರಿತ್ತು. ಬಾಯಿಗೂ ಹೆಸರಿತ್ತು, ಸುಳ್ಳೇಕೆ ಹೇಳಲಿ. ಗೋಡೆಯಾಚೆಯ ಉಮ್ ಶುಕ್ರಿ ನನ್ನನ್ನು ಬ್ಯಾಟರಿ ಇಲ್ಲದೆ ಓಡುವ ರೇಡಿಯೊ ಎನ್ನುತ್ತಿದ್ದಳು. ಹೇಳುವವಳೇನು ಕಡಿಮೆಯೇ? ನಮ್ಮಿಬ್ಬರ ಜಗಳ ಪೂರ್ತಿ ಕೇಳಬೇಕೆಂದು ರೊಟ್ಟಿ ಅಂಗಡಿಯ ಸಾಲಿನಲ್ಲಿ ಜನ ತಮ್ಮ ಸರದಿಯನ್ನೇ ಬಿಟ್ಟುಕೊಡುತ್ತಿದ್ದರು.

ಕುತೂಹಲ ಎನ್ನುವುದು ತುರಿಕೆಯಿದ್ದ ಹಾಗೆ, ಕೆರೆದುಕೊಳ್ಳದೆ ಬಿಡುವುದಿಲ್ಲ. ಒಂದು ಬೆಳಿಗ್ಗೆ ಎಣ್ಣೆಯಲ್ಲಿ ನೆನೆಸಿದ ಬದನೆಕಾಯಿಯನ್ನು ತಟ್ಟೆಗೆ ಹಾಕಿಕೊಂಡು ಹೊರಟೆ. ಬರಿಗೈಯಲ್ಲಿ ಹೋದರೆ ಮೂಗು ತೂರಿಸಲು ಬಂದಳು ಅನ್ನುತ್ತಾರಲ್ಲ. ಮಗಳು ರುದೈನಾ ಅವತ್ತು ಮನೆಯಲ್ಲಿರಲಿಲ್ಲ. ಅವಳ ಎರಡೂ ಕಿಡ್ನಿ ಕೆಟ್ಟಿದ್ದವು. ಆಂಬುಲೆನ್ಸಾದರೆ ವಿಮಾನದ ಕಣ್ಣಿಗೆ ಬೀಳುತ್ತದೆಂದು ವಾರಕ್ಕೆರಡು ಸಲ ರೊಟ್ಟಿಯ ವ್ಯಾನು ಬಂದು ರಕ್ತ ತೊಳೆಸಲು ಕರೆದೊಯ್ಯುತ್ತಿತ್ತು. ಎಲ್ಲಿಗೆ ಎಂದರೆ "ಗಡಿ ಹತ್ರ ಅಮ್ಮಾ, ದೂರ" ಎನ್ನುತ್ತಿದ್ದಳು. ನಮ್ಮ ಸುತ್ತಿನ ಆಸ್ಪತ್ರೆಗಳನ್ನೆಲ್ಲ ಸರ್ಕಾರದ ಕಡೆಯ ಯುದ್ಧವಿಮಾನಗಳು ಹುಡುಕಿ ಹುಡುಕಿ ಕೆಡವಿದ್ದವು. ಹಾಗಾಗಿ ನಾನು ನಂಬಿದ್ದೆ.

ಶೆಡ್ಡಿನ ಬಾಗಿಲಿಗೆ ನೌರಸ್ ಎಂಬ ಕನ್ನಡಕದವನು ಅಡ್ಡ ನಿಂತ. ಫಾರಮ್ಮಿನ ಮಾಲೀಕ ತಾನೇ ಅಂದ.

"ಒಳಗೆ ಬರೋ ಹಾಗಿಲ್ಲ ಚಿಕ್ಕಮ್ಮ. ಕೋಳಿ ಹೆದರ್ತವೆ."

"ಯಾವ ಜಾತಿ ಕೋಳಿನಪ್ಪ?"

"ಬಿಳೀದು."

"ತಿನ್ನಕ್ಕೆ ಏನ್ ಹಾಕ್ತೀಯ?"

ಅವನು ಸ್ವಲ್ಪ ಯೋಚಿಸಿದ. "ಹುಲ್ಲು."

"ಹಂಗಾದ್ರೆ ಹಾಲೂ ಕರೀತವೇನೋ."

ಅವನು ಕೆಂಪಾಗಿ, ತಟ್ಟೆ ಇಸಿದುಕೊಂಡು ಬಾಗಿಲು ಹಾಕಿದ. ತಿರುಗಿ ಹೊರಟಾಗ ಕಂಡಿತು ನೋಡಿ: ಶೆಡ್ಡಿನ ಗೋಡೆಯಿಂದ ಇಳಿದ ಒಂದು ದಪ್ಪ ಕಪ್ಪು ವೈರು ಮಣ್ಣಿನೊಳಗೆ ಹೋಗಿತ್ತು. ಅಲ್ಲಿಂದ ನನ್ನ ತೋಟದ ಕಡೆಗೆ ಮಣ್ಣು ಹೊಸದಾಗಿ ಮಗುಚಿದ ಗುರುತು. ನನ್ನ ತೋಟ ಅಗೆಯಲು ಇವರು ಯಾರು? ಗುರುತು ಹಿಡಿದು ಮರಗಳ ನಡುವೆ ನಡೆದೆ. ಅದು ತೋಟ ದಾಟಿ, ಗುಡ್ಡ ಹತ್ತಿ, ಹಿಂದೆ ಕುರಿ ಕೂಡುತ್ತಿದ್ದ ಗುಹೆಯ ಮುಂದೆ ಮುಗಿಯಿತು. ಗುಹೆಗೆ ಕಬ್ಬಿಣದ ಬಾಗಿಲು ಬಂದಿತ್ತು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು.

ನರ್ಸೊಬ್ಬಳು ಬಕೆಟ್ ಚೆಲ್ಲಲು ಹೊರಗೆ ಬಂದಳು. ಅವಳು ಬಗ್ಗಿದ್ದೇ ತಡ, ನಾನು ಒಳಗೆ ನುಗ್ಗಿದೆ. ಬಲಗಡೆ ಬಲ್ಬುಗಳ ಕೆಳಗೆ ಶಾಲೆ ನಡೆಯುತ್ತಿತ್ತು. ಎಡಗಡೆ ಹಾಸಿಗೆಗಳ ಸಾಲು. ಕೊನೆಯ ಹಾಸಿಗೆಯಲ್ಲಿ, ಗುಂಯ್‌ಗುಡುವ ಮಿಷನ್ನಿನ ಪಕ್ಕ, ಕೈಗೆ ಕೊಳವೆ ಹಾಕಿಸಿಕೊಂಡು ನನ್ನ ರುದೈನಾ ಮಲಗಿದ್ದಳು.

"ಗಡಿ ಹತ್ರ ಅಂದಿದ್ದೆ," ಅಂದೆ.

ಅವಳು ಮುಖ ತಿರುಗಿಸಿದಳು. "ನಿನಗೆ ಹೇಳಿದ್ರೆ ಉಮ್ ಶುಕ್ರಿಗೆ ಹೇಳಿದ ಹಾಗೆ ಅಮ್ಮಾ. ಅವಳಿಗೆ ಹೇಳಿದ್ರೆ ವಿಮಾನದವನಿಗೇ ಹೇಳಿದ ಹಾಗೆ."

ಹೆತ್ತ ಮಗಳು ನನ್ನ ಮನೆಯಿಂದ ಕೂಗಳತೆಯಲ್ಲಿ ಜೀವ ಉಳಿಸಿಕೊಳ್ಳುತ್ತಿದ್ದಳು, ನನಗೇ ಹೇಳಿರಲಿಲ್ಲ. ಸಿಟ್ಟು ಬಂತು, ಅಳುವೂ ಬಂತು. ಬೈಯೋಣವೆಂದರೆ ಅವಳು ಹೇಳಿದ್ದು ನಿಜ.

ಅಷ್ಟರಲ್ಲಿ ನೌರಸ್ ಏದುಸಿರು ಬಿಡುತ್ತ ಬಂದ. ಬದನೆಕಾಯಿಯ ತಟ್ಟೆ ಇನ್ನೂ ಕೈಯಲ್ಲೇ ಇತ್ತು. "ಡೀಸೆಲ್ ಬರೋ ದಾರಿ ಮುಚ್ಚಿದೆ ಚಿಕ್ಕಮ್ಮ. ಈಗ ಮಿಷನ್ ಓಡೋದು ಬಿಸಿಲಲ್ಲೇ. ಗುಹೆ ಮೇಲೇ ಹಲಗೆ ಇಟ್ರೆ ಆಸ್ಪತ್ರೆ ಇಲ್ಲಿದೆ ಅಂತ ಕೈ ಮಾಡಿ ತೋರ್ಸಿದ ಹಾಗೆ. ಅದಕ್ಕೇ ಅಲ್ಲಿ ಫಾರಂ ಅಂತ ಬೋರ್ಡು. ಆ ಗುಟ್ಟು ಹೊರಗೆ ಬಿದ್ರೆ..." ಅವನು ರುದೈನಾಳ ಮಿಷನ್ನಿನ ಕಡೆ ನೋಡಿದ.

"ಮೇಲಿಂದ ನೋಡೋನಿಗೆ ಮೂಗಿಲ್ಲ, ಒಪ್ಪಿದೆ. ಕೆಳಗೆ ಓಡಾಡೋ ಚಾಡಿಕೋರನಿಗೆ ಇದೆಯಲ್ಲಪ್ಪ. ಹುಲ್ಲಂತೆ, ಹುಲ್ಲು."

ಅವತ್ತೇ ನನ್ನ ಕೋಳಿಗಳನ್ನೆಲ್ಲ ಶೆಡ್ಡಿಗೆ ಸಾಗಿಸಿದೆ. ಹಿತ್ತಲಲ್ಲಿ ಕೂಡಿಬಿದ್ದಿದ್ದ ಹಿಕ್ಕೆಯನ್ನು ಮೂಟೆ ಕಟ್ಟಿ ತಂದು ಸುತ್ತ ಹರಡಿದೆ. ಮೂರೇ ದಿನದಲ್ಲಿ ದಾರಿಹೋಕರು ಮೂಗು ಮುಚ್ಚಿಕೊಳ್ಳತೊಡಗಿದರು. ನನಗೆ ಸಂತೋಷವಾಯಿತು. ಫಾರಂ ಉಮ್ ರುದೈನಾಳದ್ದು ಎಂದು ಊರಿಗೆಲ್ಲ ಹೇಳಿಯಾಯಿತು.

ಆದರೆ ಅಷ್ಟು ದೊಡ್ಡ ಶೆಡ್ಡಿಗೆ ಅಷ್ಟೇ ಮೊಟ್ಟೆಯೆ? ಜನ ಕೇಳುತ್ತ ಬಂದರು. ರೋಗ ಬಂದಿದೆ ಎಂದೆ. ನನ್ನ ಕೋಳಿಗೆ ರೋಗ ಎಂದು ನನ್ನ ಬಾಯಿಂದಲೇ ಹೇಳುವ ಕಾಲ ಬಂತಲ್ಲ!

ಉಮ್ ಶುಕ್ರಿ ಬಿಡುತ್ತಾಳೆಯೆ? ರೊಟ್ಟಿಯ ಸಾಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದಳು. "ಏನೇ, ಗುಡಿಸಲಲ್ಲಿದ್ದಾಗ ನಿನ್ನ ಕೋಳಿ ಮೊಟ್ಟೆ ಇಡ್ತಿದ್ವು. ಬಂಗಲೆಗೆ ಹೋದ್ಮೇಲೆ ಅವೂ ನಿನ್ನ ಹಾಗೆ ಬರೀ ಕೂಗೋದೇ ಆಯ್ತಾ?"

ಸಾಲು ಬಿದ್ದು ಬಿದ್ದು ನಕ್ಕಿತು. ಅವಳ ಮೊಸರಿನ ಬಗ್ಗೆ, ಅವಳ ಗಂಡನ ಗೊರಕೆಯ ಬಗ್ಗೆ ನನ್ನ ನಾಲಿಗೆ ತುದಿಯಲ್ಲಿ ಬೇಕಾದಷ್ಟಿತ್ತು. ಆದರೆ ಮಾತಿಗೆ ಮಾತು ಬೆಳೆದರೆ ಯಾವ ಮಾತು ಎಲ್ಲಿ ಜಾರುತ್ತದೋ. ರೊಟ್ಟಿ ತೆಗೆದುಕೊಂಡು ತಲೆ ತಗ್ಗಿಸಿ ಬಂದೆ. ಅವಳು ನನ್ನನ್ನೇ ನೋಡುತ್ತ ನಿಂತಿದ್ದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಉಮ್ ಶುಕ್ರಿಗೆ ಹೊಟ್ಟೆನೋವು ಬಂತು. ಅವಳ ಕಿರುಚಾಟ ಗೋಡೆ ದಾಟಿ ಬಂತು, ಆಮೇಲೆ ರೊಟ್ಟಿಯ ವ್ಯಾನು ಬಂದು ಅವಳನ್ನು ಗುಹೆಗೆ ಒಯ್ದಿತು. ವಾರ ಕಳೆದು ರುದೈನಾ ಗುಹೆಯಿಂದ ಬಂದವಳೇ ನನ್ನ ಪಕ್ಕ ಕೂತಳು.

"ಉಮ್ ಶುಕ್ರಿಗೆ ಹೊಟ್ಟೆ ಕೊಯ್ದು ಕರುಳಿನ ತುಂಡು ತೆಗೆದ್ರಂತೆ. ಇವತ್ತು ಒಂದೇ ವ್ಯಾನಲ್ಲಿ ಬಂದ್ವಿ."

"ಏನಂದ್ಲು?"

"ಏನೂ ಅನ್ಲಿಲ್ಲ. ವ್ಯಾನ್ ಹತ್ತೋ ಮೊದ್ಲು ವೈರು ಹೂತಿರೋ ಮಣ್ಣಿನ ಗುರುತನ್ನೇ ನೋಡ್ತಾ ನಿಂತಿದ್ಲು. ಆಮೇಲೆ ನಮ್ಮ ತೋಟ ನೋಡಿದ್ಲು. ಆಮೇಲೆ ಫಾರಂ."

ನಾನು ರೇಡಿಯೊ ಆದರೆ ಅವಳು ಮಸೀದಿಯ ಮೈಕು. ನೌರಸ್‌ಗೆ ಹೇಳಿದೆ. ಹಲಗೆಗಳನ್ನು ಕಿತ್ತರೆ ಮತ್ತೆಲ್ಲಿಡುವುದು, ಅಷ್ಟರ ತನಕ ಮಿಷನ್ ಹೇಗೆ ಓಡುವುದು ಎಂದು ಅವನು ತಲೆ ಮೇಲೆ ಕೈ ಹೊತ್ತು ಕೂತ.

ಆ ವಾರದ ಸಂತೆಯಲ್ಲಿ ಒಬ್ಬ ನನ್ನ ಬುಟ್ಟಿಯ ಮುಂದೆ ಬಂದು ನಿಂತ. ನಮ್ಮ ಕಡೆಯವನಲ್ಲ. ಸಂತೆಯ ಕೆಸರಿನಲ್ಲೂ ಬೂಟು ಹೊಳೆಯುತ್ತಿತ್ತು. ಒಂದು ಮೊಟ್ಟೆ ಎತ್ತಿ ಬೆಳಕಿಗೆ ಹಿಡಿದ.

"ಗುಡ್ಡದ ಹತ್ರದ ಫಾರಂ ನಿಮ್ದಂತೆ. ಅಷ್ಟೊಂದು ಸೋಲಾರು ಹಾಕ್ಸಿದೀರಿ, ಮೊಟ್ಟೆ ನೋಡಿದ್ರೆ ಒಂದೇ ಬುಟ್ಟಿ. ಆ ಕರೆಂಟೆಲ್ಲ ಎಲ್ಲಿಗೆ ಹೋಗುತ್ತಮ್ಮಾ?"

ನಾನು ತಲೆ ಬಗ್ಗಿಸಿ ಬುಟ್ಟಿಯ ಮೊಟ್ಟೆಗಳನ್ನು ಎಣಿಸತೊಡಗಿದೆ. ಅಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಉಮ್ ಶುಕ್ರಿ ಬಂದಳು.

"ಎಲ್ಲಿಗೆ ಹೋಗುತ್ತೆ ಅಂತ ನನ್ನ ಕೇಳಪ್ಪ," ಅಂದಳು. "ನಾನು ಹೇಳ್ತೀನಿ."

ಮುಗಿಯಿತು ಅಂದುಕೊಂಡೆ. ಗುಹೆಯ ಕೊನೆಯ ಹಾಸಿಗೆ ಕಣ್ಣ ಮುಂದೆ ಬಂತು.

"ಇವಳ ಕೊಬ್ಬಿಗೆ ಹೋಗುತ್ತೆ. ಹಗಲೂ ರಾತ್ರಿ ದೀಪ ಹಾಕಿದ್ರೆ ಕೋಳಿ ಎರಡೆರಡು ಮೊಟ್ಟೆ ಇಡ್ತವೆ ಅಂತ ಯಾರೋ ಕಿವಿ ಊದಿದ್ರು. ಇವಳು ಶೆಡ್ಡನ್ನ ಮದುವೆ ಮನೆ ಮಾಡಿದ್ಲು. ನಿದ್ದೆಗೆಟ್ಟ ಕೋಳಿ ಒಂದನ್ನೊಂದು ಕುಕ್ಕಿ ಸತ್ವು. ಉಳಿದವಕ್ಕೆ ರೋಗ. ಇವಳ ಮೊಟ್ಟೆ ತಿಂದೇ ನಾನು ಸಾಯೋಕೆ ಹೋಗಿದ್ದು. ನೋಡ್ತೀಯಾ ಹೊಟ್ಟೆ ಊತ?" ಎಂದು ಮೇಲಂಗಿಗೆ ಕೈ ಹಾಕಿದಳು.

ಅವನು ಗಾಬರಿಯಾಗಿ ಮೊಟ್ಟೆ ಕೆಳಗಿಟ್ಟ. ಸುತ್ತಲಿದ್ದವರು ನಕ್ಕರು.

"ಆ ಕಡೆ ಮಾತ್ರ ಹೋಗ್ಬೇಡ ಮಾರಾಯ. ನಿನ್ನ ಬೂಟಿಗೆ ರೋಗ ಅಂಟ್ಕೊಂಡು ಊರ ಕೋಳಿಗೆಲ್ಲ ಬಂದೀತು."

ಅವನು ಬೂಟು ನೋಡಿಕೊಂಡು ಕಾರಿನ ಕಡೆ ನಡೆದ. ಉಮ್ ಶುಕ್ರಿ ನಿಲ್ಲಿಸಲಿಲ್ಲ. ನನ್ನ ಅಡುಗೆ, ನನ್ನ ತವರು, ನನ್ನ ಮದುವೆಯಲ್ಲಿ ಕಡಿಮೆಬಿದ್ದ ಮಾಂಸ, ಯಾವುದನ್ನೂ ಬಿಡಲಿಲ್ಲ. ಅವಳ ಕೈ ನನ್ನ ಬುಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ನನ್ನ ಕಣ್ಣಲ್ಲಿ ನೀರು ಇಳಿಯಿತು.

"ಸಾಕು ಬಿಡೇ, ಪಾಪ ಅಳ್ತಿದಾಳೆ," ಅಂದ ಸೊಪ್ಪಿನ ಮುದುಕ.

"ಇನ್ನೂ ಸಾಕಾಗಿಲ್ಲ," ಅಂದಳು ಉಮ್ ಶುಕ್ರಿ, ದಾರಿಯನ್ನೇ ನೋಡುತ್ತ. ಕಾರು ತಿರುವಿನಾಚೆ ಮರೆಯಾಗುವ ತನಕ ಬೈದಳು.

ಮರುದಿನ ರೊಟ್ಟಿಯ ವ್ಯಾನು ಬಂತು. ರುದೈನಾ ಹೋಗಿ ಬಂದಳು.