ಕ್ಲಚ್ಚಿಲ್ಲದ ಟ್ರಾಕ್ಟರ್

ಆ ಮನೆಯ ಕೆಂಪು ಟ್ರಾಕ್ಟರ್ ಓಡಿಸಲು ಇಬ್ಬರು ಬೇಕಿತ್ತು. ನಗಬೇಡಿ, ನಿಜ. ಅಕ್ಕ ಸೀಟಿನಲ್ಲಿ ಕೂತು ಸ್ಟಿಯರಿಂಗ್ ಹಿಡಿಯುವಳು, ಗೇರು ಹಾಕುವಳು, ಬ್ರೇಕು ಒತ್ತುವಳು. ತಂಗಿ ಎಡಗಡೆ ಕಾಲಿಡುವ ತಗಡಿನ ಮೇಲೆ ನಿಂತು, ಒಂದು ಕೈಯಲ್ಲಿ ಮಡ್‌ಗಾರ್ಡ್ ಹಿಡಿದುಕೊಂಡು, ಕ್ಲಚ್ ತುಳಿಯುವಳು. ಯಾವ ಕಂಪನಿಯವರೂ ಇಂಥ ಗಾಡಿ ಮಾಡಿರಲಿಕ್ಕಿಲ್ಲ. ಇದನ್ನು ಮಾಡಿದವರಿಗೂ ತಮ್ಮ ಗಾಡಿ ಹೀಗೆ ಓಡುತ್ತಿದೆ ಅಂತ ಗೊತ್ತಾದರೆ ಎದೆ ಒಡೆದುಕೊಂಡಾರು.

ತಂಗಿಯನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಕೂದಲು ಬೆಳ್ಳಗಾಯಿತು, ಮಗಳ ಮದುವೆಯಾಯಿತು, ಗಂಡ ಕಾಲವಾದ, ಆದರೂ ಪುಟ್ಟಿ ಪುಟ್ಟಿಯೇ. ಗಂಡ ಪಕ್ಕದ ಬೀದಿಯಲ್ಲಿ ದರ್ಜಿಯಾಗಿದ್ದ, ಒಳ್ಳೆಯ ಮನುಷ್ಯ. "ನನ್ನ ಹೆಂಡ್ತಿ ಅರ್ಧ ದಿನ ನನ್ನ ಮನೆಯವಳು, ಇನ್ನರ್ಧ ದಿನ ಟ್ರಾಕ್ಟರಿನ ಬಿಡಿಭಾಗ" ಎಂದು ಅಂಗಡಿಗೆ ಬಂದವರ ಹತ್ತಿರವೆಲ್ಲ ಹೇಳಿ ನಗುತ್ತಿದ್ದ. ಅವನು ಹೋದ ಮೇಲೆ ಪುಟ್ಟಿ ಹೊಲಿಗೆ ಯಂತ್ರವನ್ನೂ ತನ್ನ ಹಾಸಿಗೆಯನ್ನೂ ಅದೇ ಟ್ರಾಕ್ಟರಿನ ಹಿಂದೆ ಹೇರಿಕೊಂಡು ಅಕ್ಕನ ಮನೆಗೆ ಬಂದುಬಿಟ್ಟಳು. ದಾರಿಯುದ್ದಕ್ಕೂ ಕ್ಲಚ್ ತುಳಿದವಳೂ ಅವಳೇ.

ಈಗ ಆ ಕ್ಲಚ್ಚಿಗೇ ಕುತ್ತು ಬಂದಿತ್ತು. ಅಕ್ಕ ಷೋರೂಮಿಗೆ ಫೋನ್ ಮಾಡಿ, ಹೊಸದಾಗಿ ಬಂದಿರುವ ಚಿಕ್ಕ ಟ್ರಾಕ್ಟರನ್ನು ತೋಟಕ್ಕೆ ತಂದು ಓಡಿಸಿ ತೋರಿಸಿ ಎಂದಿದ್ದಳು. ಪುಟ್ಟಿಯನ್ನು ಒಂದು ಮಾತು ಕೇಳಿರಲಿಲ್ಲ.

"ಯಾಕೆ, ಕೆಂಪನಿಗೆ ಏನಾಗಿದೆ?" ಎಂದಳು ಪುಟ್ಟಿ. ಕೆಂಪ ಎಂದರೆ ಹಳೆಯ ಟ್ರಾಕ್ಟರ್.

"ಏನಾಗಿಲ್ಲ ಹೇಳು! ನಿಂಬೆ ಸಾಲಿನೊಳಗೆ ನುಗ್ಗಿದ್ರೆ ಎರಡೂ ಕಡೆ ರೆಂಬೆ ಮುರಿಯುತ್ತೆ. ಸಾಮಾನು ಸಿಗಲ್ಲ. ಮೆಕ್ಯಾನಿಕ್ ಅಂತೂ ನನ್ನ ಕಂಡ್ರೆ ಅಂಗಡಿ ಬಾಗಿಲು ಹಾಕ್ತಾನೆ. ಈ ಹೊಸದು ಮೋಟು ಅಂತೆ, ಮರದ ಕೆಳಗೇ ನುಸುಳಿಕೊಂಡು ಹೋಗುತ್ತಂತೆ."

"ಮತ್ತೆ ಕ್ಲಚ್ಚು? ತುಂಬಾ ಬಿಗಿನಾ?"

ಅಕ್ಕ ಕಿಟಕಿಯ ಕಡೆ ತಿರುಗಿ, "ಅದಕ್ಕೆ ಕ್ಲಚ್ಚೇ ಇಲ್ಲ ಕಣೇ" ಎಂದಳು.

ಪುಟ್ಟಿಗೆ ಎದೆ ಧಸಕ್ಕೆಂದಿತು. ಯಾಕೆಂದರೆ ಈ ಮನೆಯಲ್ಲಿ ತಾನು ಇರುವುದಕ್ಕೆ ಅವಳ ಹತ್ತಿರ ಇದ್ದ ಕಾರಣ ಅದೊಂದೇ. ಮಗಳು ದೂರದ ಪಟ್ಟಣದಲ್ಲಿ ಗಂಡನ ಜೊತೆ ಬೇಕರಿ ನಡೆಸುತ್ತಿದ್ದಳು. ಅಮ್ಮನಿಗೆಂದು ಒಂದು ಕೋಣೆಗೆ ಬಣ್ಣ ಬಳಿಸಿ, ಮಂಚ ಹಾಕಿಸಿ, ವಾರವಾರ ಫೋನ್ ಮಾಡಿ ಬಾ ಬಾ ಎಂದು ಪ್ರಾಣ ತಿನ್ನುತ್ತಿದ್ದಳು. ಪ್ರತಿಸಲವೂ ಪುಟ್ಟಿಯದು ಒಂದೇ ಉತ್ತರ: "ಬರೋಕೆ ನನಗೇನು ಕಷ್ಟ, ನಾನಿಲ್ದಿದ್ರೆ ನಿನ್ನ ದೊಡ್ಡಮ್ಮನ ಟ್ರಾಕ್ಟರ್ ಓಡಲ್ಲ." ಅದನ್ನು ಕೇಳಿ ಮಗಳು ಫೋನ್ ಇಡುತ್ತಿದ್ದಳು. ಕ್ಲಚ್ಚಿಲ್ಲದ ಟ್ರಾಕ್ಟರ್ ಅಂಗಳಕ್ಕೆ ಬಂದರೆ ಪುಟ್ಟಿ ಯಾವ ನೆಪ ಹೇಳಬೇಕು? ಅಕ್ಕನಿಗೇ ತಾನು ಸಾಕಾಗಿರಬೇಕು ಎಂದು ಒಳಗೊಳಗೇ ಕುದಿದಳು. ಬಾಯಿಬಿಟ್ಟು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಲಿಲ್ಲ. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದಳು, ಅಷ್ಟೆ.

ಆ ಎರಡು ದಿನವೂ ಕೆಲಸವಿಲ್ಲದಿದ್ದರೂ ಶೆಡ್ಡಿಗೆ ಹೋಗಿ ಹೋಗಿ ಕೆಂಪನ ಪಕ್ಕದಲ್ಲಿ ನಿಂತಳು. ಎಡಗಡೆಯ ತಗಡು ಅವಳ ಕಾಲಡಿಗೆ ಸವೆದು ಕನ್ನಡಿಯಂತಾಗಿತ್ತು. ಅಲ್ಲಿ ಮೊದಲು ನಿಂತ ದಿನ ನೆನಪಾಯಿತು. ಅಪ್ಪ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ. ತೋಟದ ತುಂಬ ನಿಂಬೆಹಣ್ಣು, ಸಾಗಿಸಲು ಗತಿಯಿಲ್ಲ. ಅಪ್ಪ ಜಗಲಿಯಲ್ಲಿ ಮಲಗಿದಲ್ಲಿಂದಲೇ ಕೂಗಾಡುತ್ತಿದ್ದ. ಅಕ್ಕ ಇನ್ನೂ ಲಂಗ ತೊಡುವ ಹುಡುಗಿ, ಸೀಟಿಗೆ ಹತ್ತಿ ಕೂತಳು. ಅವಳ ಕಾಲು ಕ್ಲಚ್ಚನ್ನು ಮುಟ್ಟುತ್ತಿತ್ತು, ಅದುಮಲು ಬಲ ಸಾಲುತ್ತಿರಲಿಲ್ಲ. ಅಳುವೊಂದು ಬಾಕಿ. ಆಗ ಪುಟ್ಟಿ, ಅಕ್ಕನ ಭುಜದೆತ್ತರ ಕೂಡ ಇಲ್ಲದ ಪುಟ್ಟಿ, ಪಕ್ಕದಿಂದ ಹತ್ತಿ ಎರಡೂ ಕಾಲಿನಿಂದ ಕ್ಲಚ್ಚಿನ ಮೇಲೆ ನಿಂತುಬಿಟ್ಟಳು. ಕ್ಲಚ್ ಕೂತಿತು. ಗೇರು ಬಿತ್ತು. "ಇಳೀರೇ, ಸಾಯ್ತೀರಾ!" ಎಂದು ಕಿರುಚಿದ ಅಪ್ಪ, ಗಾಡಿ ಅಂಗಳ ದಾಟಿದ್ದು ನೋಡಿ ಸೊಂಟದ ನೋವು ಮರೆತು ನಕ್ಕ.

ಮೊದಮೊದಲು ಅಕ್ಕ "ಒತ್ತು", "ಬಿಡು" ಎಂದು ಕೂಗುತ್ತಿದ್ದಳು. ಬರುಬರುತ್ತಾ ಮಾತು ಬೇಡವಾಯಿತು. ಸಾಲಿನ ಕೊನೆ ಹತ್ತಿರ ಬಂದಾಗ ಅಕ್ಕನ ಎಡಭುಜ ಒಂಚೂರು ಕುಸಿಯುತ್ತಿತ್ತು, ಪುಟ್ಟಿಯ ಕಾಲು ತಾನಾಗಿ ಇಳಿಯುತ್ತಿತ್ತು. ಅಪ್ಪ ಎದ್ದು ಓಡಾಡುವಂತಾದ ಮೇಲೂ ಇವರು ಸೀಟು ಬಿಟ್ಟುಕೊಡಲಿಲ್ಲ. ಕಾಲಿಗೆ ಬಲ ಬಂದ ಮೇಲೂ ಅಕ್ಕ ಕ್ಲಚ್ ತುಳಿಯುವುದನ್ನು ಕಲಿಯಲಿಲ್ಲ. ಕಲಿಯಬೇಕು ಅನ್ನಿಸಿದ್ದರೆ ತಾನೆ! ಆಮೇಲೆ ಹಣ್ಣು ಕೀಳುವಾಗ ಅವಳೂ ಏಣಿಯಿಂದ ಬಿದ್ದು ಎಡಮಂಡಿ ಮಡಿಸಲಾಗದಂತೆ ಮಾಡಿಕೊಂಡಳು. ಅಲ್ಲಿಗೆ ರೂಢಿಯೇ ಅಗತ್ಯವಾಯಿತು. ಎಷ್ಟು ನಿಂಬೆ, ಎಷ್ಟು ಮಣ್ಣು, ಎಷ್ಟು ಬೆಳಗಿನ ಮಂಜು! ಆ ಟ್ರಾಕ್ಟರಿನ ಮೇಲೆ ಅವರು ಆಡಿದ ಜಗಳಗಳಿಗಂತೂ ಲೆಕ್ಕವಿಲ್ಲ. ಒಂದು ಸಲ ಇಡೀ ವಾರ ಮಾತು ಬಿಟ್ಟಿದ್ದರು. ಆಗಲೂ ಗಾಡಿ ಮಾತ್ರ ಓಡಿತು.

ಷೋರೂಮಿನವನು ಹೊಸ ಟ್ರಾಕ್ಟರನ್ನು ಲಾರಿಯಿಂದ ಇಳಿಸಿದ. ಕಿತ್ತಳೆ ಬಣ್ಣ, ಗುಂಡುಗುಂಡಗೆ. ಸ್ಟಿಯರಿಂಗನ್ನು ಒಂದು ಬೆರಳಲ್ಲಿ ತಿರುಗಿಸಿ ತೋರಿಸಿದ.

"ನೋಡಿ ಅಮ್ಮಾ, ಎಲ್ಲಾ ಬಲಗಾಲಲ್ಲೇ. ಈ ಪೆಡಲ್ ಒತ್ತಿದ್ರೆ ಮುಂದೆ, ಇದು ಹಿಂದೆ. ಕಾಲೆತ್ತಿದ್ರೆ ನಿಂತ್ಹೋಗುತ್ತೆ. ಎಡಗಾಲಿಗೆ ಕೆಲಸಾನೇ ಇಲ್ಲ."

ಅಕ್ಕ ಹತ್ತಿ ಕೂತಳು. ಪುಟ್ಟಿ ಯೋಚಿಸದೆಯೇ ಎಡಗಡೆಗೆ ಹೋಗಿ ಹತ್ತಲು ಕಾಲೆತ್ತಿದಳು.

"ಅಯ್ಯೋ, ಇಳೀರಿ ಅಮ್ಮಾ! ಎರಡನೆಯವರಿಗೆ ಇದ್ರಲ್ಲಿ ಜಾಗ ಇಲ್ಲ" ಎಂದ ಅವನು.

ಪಾಪ, ಅವನಿಗೇನು ಗೊತ್ತು. ಪುಟ್ಟಿ ಕಾಲು ಇಳಿಸಿ, ಕೈ ಕಟ್ಟಿಕೊಂಡು, ನೀರಿನ ತೊಟ್ಟಿಯ ಪಕ್ಕ ಹೋಗಿ ನಿಂತಳು.

ಅಕ್ಕ ಹೊರಟಳು. ಗಾಡಿ ಸದ್ದೇ ಇಲ್ಲದೆ ಸಾಲಿನೊಳಗೆ ಹೋಯಿತು. ಒಂದು ರೆಂಬೆಯೂ ಅಲುಗಲಿಲ್ಲ. ಸಾಲಿನ ಕೊನೆ ಬಂತು. ದೂರದಿಂದಲೂ ಪುಟ್ಟಿಗೆ ಅಕ್ಕನ ಎಡಭುಜ ಕುಸಿದದ್ದು ಕಂಡಿತು. ಪುಟ್ಟಿಯ ಕಾಲು ನೆಲವನ್ನು ಒತ್ತಿತು. ಅಕ್ಕ ಕಾಯುತ್ತಾ ಕೂತಿದ್ದಳು, ಎಂದಿನಂತೆ ತಂಗಿ ಕ್ಲಚ್ ತುಳಿಯಲಿ ಎಂದು. ಬಲಗಾಲು ಪೆಡಲಿನ ಮೇಲೇ ಇತ್ತು. ಗಾಡಿ ನೆಟ್ಟಗೆ ಹೋಗಿ ಬೇಲಿಯೊಳಗೆ ಮೂತಿ ತೂರಿಸಿತು.

"ಕಾಲೆತ್ತಿ! ಕಾಲೆತ್ತಿ ಅಮ್ಮಾ!" ಎನ್ನುತ್ತಾ ಷೋರೂಮಿನವನು ಓಡಿದ.

ಏನೂ ಆಗಲಿಲ್ಲ, ಬೇಲಿ ಬಗ್ಗಿತು ಅಷ್ಟೆ. ಆದರೆ ಅಕ್ಕ ಇಳಿದವಳು ಮತ್ತೆ ಅದರ ಕಡೆ ತಿರುಗಿ ನೋಡಲಿಲ್ಲ. ಕುಂಟುತ್ತಾ ತೊಟ್ಟಿಯ ಹತ್ತಿರ ಬಂದು ಕಟ್ಟೆಯ ಮೇಲೆ ಕುಸಿದು ಕೂತಳು.

"ವಾಪಸ್ ತಗೊಂಡು ಹೋಗಪ್ಪ. ನನ್ನ ಕೈಲಾಗಲ್ಲ. ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ ನನಗೆ."

ನಿಜ ಹೇಳಬೇಕೆಂದರೆ, ಪುಟ್ಟಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಾನು ತುಟಿ ಪಿಟಕ್ಕೆನ್ನದೆ ನಿಂತರೆ ಸಾಕಿತ್ತು. ಷೋರೂಮಿನವನು ಹಗ್ಗ ಬಿಗಿದು ಹೊರಟುಹೋಗುತ್ತಿದ್ದ, ನಾಳೆ ಬೆಳಿಗ್ಗೆ ಕೆಂಪ, ತಗಡು, ಅಕ್ಕನ ಭುಜ, ಎಲ್ಲ ಇದ್ದ ಹಾಗೇ ಇರುತ್ತಿತ್ತು. ಅಷ್ಟರಲ್ಲಿ ಅಕ್ಕನ ಮುಖ ನೋಡಿದಳು. ಏಣಿಯಿಂದ ಬಿದ್ದ ದಿನವೂ ಅಕ್ಕ ಹೀಗೆ ಸೋತ ಮುಖ ಮಾಡಿರಲಿಲ್ಲ. ಬೈಯುತ್ತಲೇ ಎದ್ದಿದ್ದಳು. ಪುಟ್ಟಿಗೆ ತನ್ನ ಸಂತೋಷದ ಮೇಲೆಯೇ ಅಸಹ್ಯವಾಯಿತು.

"ಏಳೇ" ಎಂದಳು.

"ಬೇಡ ಬಿಡೇ."

"ಏಳು ಅಂದ್ನಲ್ಲ! ಕೆಂಪನ್ನ ಮೊದಲ ದಿನ ಕೋಳಿಗೂಡಿಗೆ ಗುದ್ದಿದ್ದು ಯಾರು, ನಾನಾ? ನಾನು ಸಾಲಿನ ಕೊನೇಲಿ ನಿಂತ್ಕೋತೀನಿ. ಕೈ ಎತ್ತಿದ ತಕ್ಷಣ ಕಾಲು ಎತ್ತು. ನನ್ನ ಕಾಲಿಗೆ ಕಾಯ್ಬೇಡ. ನಾನು ಅಲ್ಲಿಲ್ಲ ಅಂತ ತಿಳ್ಕೊ."

ಅಷ್ಟು ಹೇಳಿ ಸಾಲಿನ ಕೊನೆಗೆ ನಡೆದಳು.

ಒಂದು ಸಾಲು, ಎರಡನೆಯ ಸಾಲು. ಪುಟ್ಟಿ ಬಿಸಿಲಲ್ಲಿ ಸಾಲಿನ ಈ ತುದಿಯಿಂದ ಆ ತುದಿಗೆ ಓಡಾಡಿ ಕೈ ಎತ್ತಿದಳು, ಬೈದಳು, ಕುಣಿದಳು. ಷೋರೂಮಿನವನು ಮರದಡಿ ಕೂತು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಗುತ್ತಿದ್ದ. ಅಮ್ಮನಾಣೆಗೂ ಅವನ ಕೆಲಸವನ್ನು ಪುಟ್ಟಿಯೇ ಮಾಡಿಕೊಟ್ಟಳು. ಕೊನೆಕೊನೆಗೆ ಪುಟ್ಟಿ ಕೈ ಎತ್ತುವ ಮೊದಲೇ ಅಕ್ಕ ಕಾಲೆತ್ತತೊಡಗಿದಳು. ಗಾಡಿ ನಿಂತಲ್ಲೇ ತಿರುಗಿ ಮುಂದಿನ ಸಾಲಿಗೆ ಇಳಿಯಿತು. ಭುಜ ಕುಸಿಯಲಿಲ್ಲ. ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು, ಗಾಳಿಗೆ ಹಾರುವ ನೆರೆಗೂದಲನ್ನು ಹಿಂದಕ್ಕೆ ತಳ್ಳಿಕೊಂಡು, ಒಬ್ಬಳೇ ಹೋಗುತ್ತಿದ್ದಳು. ಅಂಗಳ ದಾಟಿದ ಆ ಮೊದಲ ದಿನದ ಹುಡುಗಿಯೇ. ಎಷ್ಟು ಚೆಂದ ಕಾಣುತ್ತಾಳೆ ನನ್ನ ಅಕ್ಕ ಎನ್ನಿಸಿ ಪುಟ್ಟಿಗೆ ಅಳು ಬಂತು. ತಡೆಯಲಿಲ್ಲ, ಅತ್ತಳು.

ಅಕ್ಕ ಇಳಿದು ಬಂದು ಕೇಳಿದಳು, "ಏನಂತೀಯ?"

"ತಗೋ. ಒಳ್ಳೆ ಗಾಡಿ."

"ನಿಜವಾಗ್ಲೂ?"

"ನಿಜವಾಗ್ಲೂ. ಕಣ್ಣೊಳಗೆ ಧೂಳು ಬಿದ್ದಿದೆ, ಹಾಗೆ ನೋಡ್ಬೇಡ."

ಅಕ್ಕ ತೊಟ್ಟಿಯ ಕಟ್ಟೆಯ ಮೇಲೆ ಕೂತಳು. "ಹೋದ ತಿಂಗಳು ನೀನು ತಗಡಿನ ಮೇಲಿಂದ ಜಾರಿದ್ಯಲ್ಲ, ಅವತ್ತು ಚಕ್ರ ನಿನ್ನ ಪಾದದ ಪಕ್ಕದಲ್ಲೇ ಹೋಯ್ತು. ನನ್ನ ಜೀವ ಬಾಯಿಗೆ ಬಂತು. ಅವತ್ತೇ ತೀರ್ಮಾನ ಮಾಡ್ದೆ ಇನ್ನು ನಿನ್ನ ಅಲ್ಲಿ ನಿಲ್ಲಿಸಲ್ಲ ಅಂತ. ಎಷ್ಟು ವರ್ಷ ನಿನ್ನ ಕಟ್ಟಿ ಹಾಕಿದ್ದೀನಿ. ಇನ್ನು ನೀನು ಮಗಳ ಮನೆಗೆ ಹೋಗೋದಾದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದಳು. ಷೋರೂಮಿನವನು ಬಂದ. ದುಡ್ಡಿನ ಮಾತು ಶುರುವಾಯಿತು, ಹಳೆಯದನ್ನು ಅವನೇ ಕೊಳ್ಳುವ ಮಾತು ಶುರುವಾಯಿತು. ಈ ಮಾತು ಅಲ್ಲೇ ಉಳಿಯಿತು.

ಹೊಸ ಟ್ರಾಕ್ಟರ್ ಬಂದ ವಾರ, ಕೆಂಪನನ್ನು ಎಳೆದೊಯ್ದ ಮೇಲೆ, ಮಗಳ ಫೋನ್ ಬಂತು. ಅಕ್ಕ ತಂಗಿಯರು ಅಡುಗೆಮನೆಯಲ್ಲಿ ಕೂತು ನಿಂಬೆಹಣ್ಣು ಆರಿಸುತ್ತಿದ್ದರು. ಒಳ್ಳೆಯದು ಒಂದು ಬುಟ್ಟಿಗೆ, ಕೊಳೆತದ್ದು ಇನ್ನೊಂದಕ್ಕೆ. ಮಗಳ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು.

"ಅಮ್ಮಾ, ದೊಡ್ಡಮ್ಮ ಈಗ ಒಬ್ರೇ ಓಡಿಸ್ತಾರಂತೆ? ಹಾಗಾದ್ರೆ ಇನ್ನೇನು ನೆಪ ನಿಂದು? ಯಾವಾಗ ಬರ್ತೀಯ ಹೇಳು."

"ನೆಪ ಏನಿಲ್ಲ ಕಣೇ, ಮುಗೀತು" ಎಂದಳು ಪುಟ್ಟಿ. "ಹಬೆಯಾಡೋ ಬ್ರೆಡ್ಡು ತಿನ್ನೋಕೆ ನಾಲ್ಕು ದಿನ ಬಂದು ಹೋಗ್ತೀನಿ. ಇರೋಕೆ ಬರಲ್ಲ."

"ಯಾಕಮ್ಮಾ? ದೊಡ್ಡಮ್ಮನಿಗೆ ಈಗ ನೀನು ಬೇಕಾಗಿಲ್ವಲ್ಲ?"

"ಬೇಕಾಗಿಲ್ಲದೇ ಇರಬಹುದು. ನನಗೆ ಅವಳು ಬೇಕು."

ಮಗಳು "ಸರಿ ಅಮ್ಮಾ" ಎಂದಳು.

ಅಕ್ಕ ತಲೆ ಎತ್ತಲಿಲ್ಲ, ಏನೂ ಕೇಳಿಸಿಲ್ಲ ಅನ್ನುವ ಹಾಗೆ ಹಣ್ಣು ಆರಿಸುತ್ತಲೇ ಇದ್ದಳು. ಒಳ್ಳೊಳ್ಳೆಯ ಹಣ್ಣುಗಳನ್ನೆಲ್ಲ ಒಂದರ ಹಿಂದೊಂದು ಕೊಳೆತದ್ದರ ಬುಟ್ಟಿಗೆ ಹಾಕುತ್ತಿದ್ದಳು.